ಬಿಡುವಿನ ಹವ್ಯಾಸ: ಓಡುವವರ ಚಿತ್ರ ತೆಗೆಯುವುದು

ನನ್ನ ಸೋದರಳಿಯನಿಗೆ ಈಗ ಹದಿನೈದು ವಯಸ್ಸು. ಛಾಯಾಗ್ರಹಣದ ಹುಚ್ಚು ಹಿಡಿದು ಒಂದು ವರ್ಷಕ್ಕೆ ಮೇಲಾಯಿತು. ಕಳೆದ ವರ್ಷದ ಶಾಲಾ ಕ್ರೀಡೋತ್ಸವದಲ್ಲಿ ಅವನ ಅಕ್ಕ ನೂರು ಮೀಟರ್ ಓಟದಲ್ಲಿ ಮೊದಲನೆಯವಳಾಗಿ ಬಂದಳು. ಆ ಶಾಲೆಯಲ್ಲಿ ಅದು ಅವಳ ಕಡೆಯ ವರ್ಷ. ತಮ್ಮನಾದವನು ಹೊಸ ಕ್ಯಾಮರಾ ಹಿಡಿದು, ಹಗ್ಗದ ಬದಿಯಲ್ಲಿಯೇ ನಿಂತು, ನಲವತ್ತು ಚಿತ್ರಗಳನ್ನು ತೆಗೆದನು. ಮನೆಗೆ ಬಂದು ನೋಡಿದರೆ ಒಂದರಲ್ಲಿಯೂ ಅಕ್ಕನ ಮುಖವಿಲ್ಲ! ಕೆಲವುಗಳಲ್ಲಿ ಬಣ್ಣದ ಹೊಗೆ. ಕೆಲವುಗಳಲ್ಲಿ ಬರಿಯ ನೆಲ. ಒಂದರಲ್ಲಿ ಮಾತ್ರ ಅಕ್ಕನ ಜಡೆಯ ತುದಿ.

“ಮಾವ, ಈ ಲೆನ್ಸಿನಿಂದ ಏನೂ ಆಗದು. ದೊಡ್ಡ ಲೆನ್ಸು ಕೊಡಿಸುವಂತೆ ಅಪ್ಪನಿಗೆ ನೀವೇ ಹೇಳಬೇಕು” ಎಂದು ನನ್ನಲ್ಲಿಗೆ ಬಂದನು. ಅವನು ಹೇಳಿದ ಬೆಲೆ ಭಾವನವರ ಎರಡು ತಿಂಗಳ ಸಂಬಳಕ್ಕೆ ಕಡಿಮೆಯದಲ್ಲ. ಹುಡುಗನ ಕಣ್ಣಿನಲ್ಲಿ ನೀರಿತ್ತು. ಓಡಿ ಮುಗಿದ ಓಟ ತಿರುಗಿ ಬಾರದೆಂಬುದು ನನಗೂ ತಿಳಿದಿತ್ತು, ಅವನಿಗೂ ತಿಳಿದಿತ್ತು.

ಅವನ ಕೈಗೆ ಕಾಗದ ಪೆನ್ಸಿಲು ಕೊಟ್ಟು ಒಂದು ಲೆಕ್ಕ ಮಾಡಿಸಿದೆನು. ನೂರು ಮೀಟರನ್ನು 16 ಸೆಕೆಂಡಿನಲ್ಲಿ ಓಡುವವಳು ಒಂದು ಸೆಕೆಂಡಿಗೆ ಆರು ಮೀಟರಿಗೂ ತುಸು ಹೆಚ್ಚು ದೂರ ಸಾಗುತ್ತಾಳೆ. ಕ್ಯಾಮರಾದ ಷಟರು ಸೆಕೆಂಡಿನ 50ನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದರೆ, ಅಷ್ಟರಲ್ಲಿಯೇ ಅವಳು ಐದು ಅಂಗುಲ ಮುಂದೆ ಹೋಗಿರುತ್ತಾಳೆ. ಐದು ಅಂಗುಲ ಸರಿದ ಮುಖದಲ್ಲಿ ಕಣ್ಣು ಮೂಗು ತೋರುವುದೆಂತು? ಅದೇ ಷಟರು 1000ನೆಯ ಒಂದು ಭಾಗದಷ್ಟು ಮಾತ್ರ ತೆರೆದಿದ್ದರೆ ಸರಿಯುವುದು ಕಾಲು ಅಂಗುಲ. ಕ್ಯಾಮರಾ ತೆಗೆಸಿ ನೋಡಿದರೆ, ಈ ಅಂಕಿಯನ್ನು ಆರಿಸುವ ಕೆಲಸವನ್ನು ಹುಡುಗ ಕ್ಯಾಮರಾಕ್ಕೇ ಬಿಟ್ಟಿದ್ದನು. ತಪ್ಪು ಲೆನ್ಸಿನದಾಗಿರಲಿಲ್ಲ.

ಈ ಹವ್ಯಾಸಕ್ಕೆ ಕೈಹಾಕುವ ವಾಚಕರು ಮೊದಲು ಕಲಿಯಬೇಕಾದುದು ಇದನ್ನೇ. ಷಟರಿನ ವೇಗವನ್ನು ನಾವೇ ಗೊತ್ತುಪಡಿಸುವ ಅನುಕೂಲ ಬಹುತೇಕ ಒಳ್ಳೆಯ ಕ್ಯಾಮರಾಗಳಲ್ಲಿದೆ. ಬಿಸಿಲಿದ್ದರೆ 1000ನೆಯ ಒಂದು ಭಾಗಕ್ಕೆ ಇಡಿ. ಸಂಜೆಯಾಗಿ ಬೆಳಕು ಕುಗ್ಗಿದರೆ ಐ.ಎಸ್.ಒ. ಅಂಕಿಯನ್ನು ಏರಿಸಿ. ಚಿತ್ರದಲ್ಲಿ ಮರಳು ಉದುರಿಸಿದಂತೆ ಕಾಳುಕಾಳಾದೀತು, ಆಗಲಿ. ಕಾಳು ಕಂಡರೂ ಮುಖ ಗುರುತು ಸಿಕ್ಕುತ್ತದೆ. ಕದಡಿದ ಚಿತ್ರದಲ್ಲಿ ಅದೂ ಸಿಕ್ಕದು.

ಎರಡನೆಯದು, ನಿಲ್ಲುವ ಸ್ಥಳ. ಅಡ್ಡಲಾಗಿ ಹಾದುಹೋಗುವವರ ಚಿತ್ರ ಬೇಗ ಕದಡುತ್ತದೆ. ಎದುರಾಗಿ ಬರುವವರದು ಅಷ್ಟಾಗಿ ಕದಡುವುದಿಲ್ಲ. ಆದುದರಿಂದ ಉಪಾಧ್ಯಾಯರ ಅಪ್ಪಣೆ ಪಡೆದು, ಓಟದ ಗುರಿಗೆರೆಯ ಆಚೆ, ಯಾರ ದಾರಿಗೂ ಅಡ್ಡವಾಗದಂತೆ ದೂರದಲ್ಲಿ ಒಂದು ಮೊಣಕಾಲೂರಿ ಕುಳಿತುಕೊಳ್ಳಿ. ಓಟ ಆರಂಭವಾಗುವ ಮೊದಲೇ ಆ ಬಿಳಿಯ ಗೆರೆಗೆ ಫೋಕಸ್ ಮಾಡಿಟ್ಟುಕೊಂಡು ಕಾಯಿರಿ. ಓಡುವವರ ಬೆನ್ನು ಹತ್ತಿ ಹೋಗದೆ, ಅವರು ಬರುವ ಜಾಗದಲ್ಲಿ ಮೊದಲೇ ಹೋಗಿ ಕೂತಿರುವುದು ಜಾಣತನ. ಎತ್ತರ ಜಿಗಿತದಲ್ಲಂತೂ, ಜಿಗಿದವನು ಮೇಲೇರುವುದು ನಿಂತು ಇನ್ನೂ ಇಳಿಯತೊಡಗದ ಗಳಿಗೆಯೊಂದಿದೆ. ಅದನ್ನು ಹಿಡಿದರೆ ಸಾಧಾರಣ ಕ್ಯಾಮರಾವೂ ಒಳ್ಳೆಯ ಚಿತ್ರ ಕೊಡುತ್ತದೆ.

“ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತು ಚಿತ್ರ ಬರುತ್ತವೆಯಲ್ಲ ಮಾವ, ಒಂದಾದರೂ ಸರಿಯಾಗದೆ?” ಎಂದನು ಹುಡುಗ. ಇದಕ್ಕೂ ಲೆಕ್ಕವೇ ಉತ್ತರ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡು ಅಂಥ ಎರಡು ಚಿತ್ರಗಳ ನಡುವೆ ಹತ್ತು ಅಡಿಗೂ ಹೆಚ್ಚು ದೂರ ಹೋಗಿರುತ್ತದೆ. ಬ್ಯಾಟು ಚೆಂಡನ್ನು ಮುಟ್ಟುವ ಕ್ಷಣ ಆ ಹತ್ತು ಅಡಿಯೊಳಗೆ ಅಡಗಿ ಹೋಗಬಹುದು. ಆ ಕ್ಷಣ ಯಾವಾಗ ಬರುವುದೆಂಬುದನ್ನು ಆಟ ಬಲ್ಲವನ ಕಣ್ಣೇ ಹೇಳಬೇಕು.

ಕ್ರಿಕೆಟ್ ಪ್ರಿಯರು ವಿಕ್ಟರ್ ಟ್ರಂಪರರ ಚಿತ್ರವೊಂದನ್ನು ನೋಡಿರಬಹುದು. ಬ್ಯಾಟನ್ನು ಹಿಂದಕ್ಕೆತ್ತಿ, ಮುಂಗಾಲನ್ನು ದೂರಕ್ಕೆ ಚಾಚಿ, ಕ್ರೀಸಿನಿಂದ ಹೊರಕ್ಕೆ ಚಿಮ್ಮುತ್ತಿರುವ ಆ ಚಿತ್ರ 1905ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾಯಿತು. ತೆಗೆದವರು ಇಂಗ್ಲೆಂಡಿನ ಜಾರ್ಜ್ ಬೆಲ್ಡಮ್. ಆಗಿನ ಭಾರಿ ಕ್ಯಾಮರಾದಿಂದ ಅದು ಹೇಗೆ ಸಾಧ್ಯವಾಯಿತು? ಎರಡು ಕಾರಣಗಳುಂಟು. ಬೆಲ್ಡಮ್ ಸ್ವತಃ ಮಿಡ್ಲ್‌ಸೆಕ್ಸ್ ಕೌಂಟಿಯ ಪರವಾಗಿ ಆಡಿದವರು. ಯಾವ ಹೊಡೆತದಲ್ಲಿ ಕಾಲು ಎಲ್ಲಿಗೆ ಹೋಗುವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೊಂದು, ಅದು ಪಂದ್ಯದ ನಡುವೆ ತೆಗೆದದ್ದಲ್ಲ. ಚಿತ್ರಕ್ಕೆಂದೇ ಟ್ರಂಪರರು ಆಡಿ ತೋರಿಸಿದಾಗ ತೆಗೆದದ್ದು.

ಹೊಸಬರಿಗೆ ಇದು ದೊಡ್ಡ ಪಾಠ. ಪಂದ್ಯದ ದಿನವೇ ಮೊದಲ ಬಾರಿ ಕ್ಯಾಮರಾ ಹಿಡಿದು ಹೋಗಬೇಡಿ. ಅಭ್ಯಾಸದ ಮೈದಾನಕ್ಕೆ ಹೋಗಿರಿ. ಅಲ್ಲಿ ಅದೇ ಓಟ, ಅದೇ ಹೊಡೆತ ದಿನಕ್ಕೆ ಇಪ್ಪತ್ತು ಸಲ ನಡೆಯುತ್ತದೆ, ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವುಂಟು.

ಇನ್ನೊಂದು ಮಾತು. ಆಟ ಮುಗಿಯಿತೆಂದು ಕ್ಯಾಮರಾ ಕೆಳಗಿಳಿಸಬೇಡಿ. 1960ರ ಡಿಸೆಂಬರ್ 14ರಂದು ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ತಂಡಗಳು ಸರಿಸಮವಾಗಿ ನಿಂತು, ಟೆಸ್ಟ್ ಚರಿತ್ರೆಯಲ್ಲಿಯೇ ಮೊದಲ ‘ಟೈ’ ಆಯಿತು. ಜೋ ಸಾಲೊಮನ್ ಎಸೆದ ಚೆಂಡಿಗೆ ಮೆಕಿಫ್ ರನ್ನೌಟಾದ ಆ ಗಳಿಗೆಯನ್ನು ‘ದಿ ಏಜ್’ ಪತ್ರಿಕೆಯ ರಾನ್ ಲವಿಟ್ ಹಿಡಿದರು. ಇಂದಿಗೂ ನಮ್ಮ ಕಣ್ಣು ಮುರಿದ ವಿಕೆಟ್ಟಿಗಿಂತ ಹೆಚ್ಚಾಗಿ, ಗಾಳಿಗೆ ನೆಗೆದ ಆಟಗಾರರ ಸಂಭ್ರಮದ ಮೇಲೆಯೇ ನೆಲೆಸುತ್ತದೆ. ಗೆದ್ದವಳು ಗೆರೆ ದಾಟಿದ ಮೇಲೆ, ಸೋತವಳು ಸೊಂಟದ ಮೇಲೆ ಕೈಯಿಟ್ಟು ಬಾಗಿದ ಮೇಲೆ, ಮುಖಗಳು ಮಾತನಾಡುತ್ತವೆ.

ಹುಡುಗನಿಗೆ ಇಷ್ಟು ಹೇಳಿ, ಒಂದು ಷರತ್ತು ಹಾಕಿದೆನು. ಈಗ ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿರುವ ಅವನ ಅಕ್ಕ ಪ್ರತಿ ಶನಿವಾರ ಬೆಳಿಗ್ಗೆ ಓಟದ ಅಭ್ಯಾಸಕ್ಕೆ ಹೋಗುತ್ತಾಳೆ. ಅವಳ ಒಪ್ಪಿಗೆ ಕೇಳಿ ಇವನೂ ಜೊತೆಗೆ ಹೋಗಬೇಕು. ಮೊದಲ ಎರಡು ವಾರ ಕ್ಯಾಮರಾ ಚೀಲದಲ್ಲಿಯೇ ಇರಬೇಕು. ಮೂರನೆಯ ವಾರ ಬಂದು, “ಮಾವ, ಹೊರಟ ಎಂಟನೆಯ ಹೆಜ್ಜೆಗೆ ಅಕ್ಕ ತಲೆ ಎತ್ತುತ್ತಾಳೆ. ಅಲ್ಲಿಯವರೆಗೆ ಮುಖ ಕಾಣುವುದೇ ಇಲ್ಲ” ಎಂದನು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಅಕ್ಕನನ್ನು ಆಗಲೇ ಅವನು ಸರಿಯಾಗಿ ನೋಡಿದನೋ ಏನೋ!

ಈಗ ಆ ಮನೆಯ ನಡುಕೋಣೆಯ ಗೋಡೆಯ ಮೇಲೆ ಒಂದು ಚಿತ್ರವಿದೆ. ಜನರಿಲ್ಲ, ಬಾವುಟಗಳಿಲ್ಲ, ಬಹುಮಾನವಿಲ್ಲ. ಖಾಲಿ ಮೈದಾನದ ಎಳೆಬಿಸಿಲಿನಲ್ಲಿ ಒಬ್ಬ ಹುಡುಗಿ ಎಂಟನೆಯ ಹೆಜ್ಜೆಯಲ್ಲಿ ತಲೆ ಎತ್ತಿದ್ದಾಳೆ. ಹಳೆಯ ಲೆನ್ಸಿನಿಂದಲೇ ತೆಗೆದದ್ದು. ಭಾವನವರು ಲೆನ್ಸು ಕೊಡಿಸಲಿಲ್ಲ. ಚಿತ್ರಕ್ಕೆ ಒಳ್ಳೆಯ ಕಟ್ಟು ಹಾಕಿಸಿದರು.

ಕ್ರೀಡೋತ್ಸವದ ನಲವತ್ತು ಚಿತ್ರಗಳಲ್ಲಿ ಮೂವತ್ತೊಂಬತ್ತನ್ನು ಹುಡುಗ ಅಳಿಸಿಹಾಕಿದನಂತೆ. ಜಡೆಯ ತುದಿ ಮಾತ್ರ ಇರುವ ಆ ಒಂದನ್ನು ಅಕ್ಕ ತನಗಿರಲೆಂದು ಕೇಳಿ ಇಟ್ಟುಕೊಂಡಿದ್ದಾಳೆ.