ಇಳಿಜಾರಿನ ತಡವರಿಕೆ ಮತ್ತು ಬಿಡಿಭಾಗಗಳ ವ್ಯಾಪಾರ

ಘಾಟಿಯನ್ನು ಸರಾಗವಾಗಿ ಹತ್ತುವ ಕಾರು, ಅದೇ ಘಾಟಿಯನ್ನಿಳಿದು ಸಮತಟ್ಟಾದ ರಸ್ತೆಗೆ ಬಂದೊಡನೆ ತಡವರಿಸುವುದೆಂದರೆ ಅರ್ಧ ಉತ್ತರ ಆ ದೂರಿನಲ್ಲಿಯೇ ಅಡಗಿದೆ. ಆದರೆ ದೂರನ್ನು ಕೇಳಿಸಿಕೊಳ್ಳುವ ವ್ಯವಧಾನ ನಮ್ಮ ಗ್ಯಾರೇಜುಗಳಿಗೆ ಎಲ್ಲಿದೆ?

ನನ್ನ ಸೋದರಳಿಯನೊಬ್ಬ ಆಗುಂಬೆಯ ಮಾರ್ಗವಾಗಿ ಆಗಾಗ ಉಡುಪಿಗೆ ಹೋಗಿಬರುತ್ತಾನೆ. 14 ತಿರುವುಗಳನ್ನಿಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದರೆ ಅವನ ಪೆಟ್ರೋಲ್ ಕಾರು ಒಂದೆರಡು ಕ್ಷಣ ಮಂಕಾಗುತ್ತದೆ. ಹಿಂದೆ ಲಾರಿಯಿರುವಾಗ ಆ ಎರಡು ಕ್ಷಣ ಸಣ್ಣದಲ್ಲ. ಗ್ಯಾರೇಜಿನವರು ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದರು, ಬಳಿಕ ಇಗ್ನಿಷನ್ ಕಾಯಿಲ್, ಅನಂತರ ಆಕ್ಸಿಜನ್ ಸೆನ್ಸರ್. ತಡವರಿಕೆ ಇದ್ದಲ್ಲಿಯೇ ಇದೆ. ಈಗ ಪೆಟ್ರೋಲ್ ಪಂಪಿನ ಸರದಿಯಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಪ್ಲಗ್ಗೋ ಕಾಯಿಲೋ ಪಂಪೋ ಸೋತಿದ್ದರೆ ಅದು ಮೊದಲು ಬಯಲಾಗಬೇಕಾದದ್ದು ಹತ್ತುವಾಗ. ಎಂಜಿನ್ ಪೂರ್ಣ ಭಾರ ಹೊರುವುದು, ಹೆಚ್ಚು ಪೆಟ್ರೋಲನ್ನೂ ಬಲವಾದ ಕಿಡಿಯನ್ನೂ ಬೇಡುವುದು ಆಗಲೇ ಅಲ್ಲವೇ? ಪ್ರಶ್ನೆಯನ್ನೇ ಓದದೆ ಉತ್ತರಪತ್ರಿಕೆ ತುಂಬಿಸುತ್ತಿದ್ದ ಹುಡುಗರಿಗೆ ನಾವು ಸೊನ್ನೆ ಕೊಡುತ್ತಿದ್ದೆವು. ಇವರಿಗೆ ಬಿಲ್ಲಿನ ಹಣ ಕೊಡುತ್ತೇವೆ.

ಇಳಿಯುವಾಗ ಒಳಗೆ ನಡೆಯುವುದೇ ಬೇರೆ. ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಥ್ರಾಟಲ್ ಮುಚ್ಚುತ್ತದೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುವುದರಿಂದ ಗಾಳಿಯ ಕೊಳವೆಯಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ವಾಲ್ವಿನ ಸೀಲುಗಳು ಸವೆದಿದ್ದರೆ ಆ ನಿರ್ವಾತ ಎಣ್ಣೆಯನ್ನು ಒಳಗೆಳೆಯುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ನೀಲಿ ಹೊಗೆ ಬಂದರೆ ರೋಗ ತಾನೇ ತನ್ನ ಹೆಸರು ಹೇಳಿದಂತೆ. ಹೊಗೆಯಿಲ್ಲದಿದ್ದರೆ ಥ್ರಾಟಲಿನ ಬಾಯಿ ಬಿಚ್ಚಿ ನೋಡಬೇಕು. ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಕಟ್ಟಿದ್ದರೆ ಅದು ಕಾಡುವುದು ಮುಚ್ಚಿದ ಸ್ಥಿತಿಯಿಂದ ತುಸುವೇ ತೆರೆಯುವ ಹೊತ್ತಿನಲ್ಲಿ. ಪೂರ್ತಿ ತೆರೆದು ಹತ್ತುವಾಗ ಅಷ್ಟಾಗಿ ಗೊತ್ತಾಗದು. ಥ್ರಾಟಲಿನ ಸ್ಥಾನವನ್ನು ತಿಳಿಸುವ ಸೆನ್ಸರ್ ಆ ಜಾಗದಲ್ಲಿ ಸವೆದಿದ್ದರೂ ಹಾಗೆಯೇ. ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಪೆಟ್ರೋಲಿದ್ದರೆ ಇಳಿಜಾರಿನಲ್ಲಿ ಅದು ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯಬಹುದು. ಅರ್ಧ ಟ್ಯಾಂಕ್ ತುಂಬಿಸಿ ಮತ್ತೊಮ್ಮೆ ಇಳಿದು ನೋಡುವುದಕ್ಕೆ ಯಾವ ಯಂತ್ರ ಬೇಕು?

ಇನ್ನು ನ್ಯೂಟ್ರಲ್ಲಿನಲ್ಲಿ ಇಳಿಯುವ ಮಹನೀಯರು. ಪೆಟ್ರೋಲ್ ಉಳಿಯುತ್ತದೆಂಬ ಭ್ರಮೆ ಅವರದು. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯಲೇಬೇಕು, ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕುಗಳು ಕಾದು ಸೋಲುತ್ತವೆ. ಕೆಳಗೆ ಬಂದು ವೇಗಕ್ಕೆ ಹೊಂದದ ಮೇಲಿನ ಗೇರು ಹಾಕಿದರೆ ಕಾರು ನರಳುವುದು ಸಹಜ. ಅದನ್ನು ರೋಗವೆಂದು ಗ್ಯಾರೇಜಿಗೆ ಒಯ್ಯಬಾರದು.

ಸ್ಕ್ಯಾನರ್ ಇದೆಯಲ್ಲ ಎಂದು ಕೇಳುವಿರಿ. ಸ್ಕ್ಯಾನರ್ ಪಿ0171 ಎಂದು ತೋರಿಸಿದರೆ ಅದರ ಅರ್ಥ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿದೆ ಎಂದಷ್ಟೇ. ಆಕ್ಸಿಜನ್ ಸೆನ್ಸರ್ ಬದಲಿಸಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಒಡೆದ ರಬ್ಬರ್ ಕೊಳವೆಯೊಂದರಿಂದ ಗಾಳಿ ನುಸುಳಿದರೂ ಅದೇ ಸಂಖ್ಯೆ ಬರುತ್ತದೆ. ಸುದ್ದಿ ತಂದ ಅಂಚೆಯವನನ್ನೇ ಕೆಲಸದಿಂದ ತೆಗೆಯುವ ಈ ಪದ್ಧತಿಗೆ ತಂತ್ರಜ್ಞಾನವೆಂಬ ಹೆಸರು ಬೇರೆ!

ಗ್ಯಾರೇಜಿನವರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಹೊಸ ಡಬ್ಬಿಯಲ್ಲಿ ಬಂದ ಬಿಡಿಭಾಗಕ್ಕೆ ಸಾವಿರಗಟ್ಟಲೆ ಹಣವನ್ನು ತುಟಿಪಿಟಕ್ಕೆನ್ನದೆ ಎಣಿಸುವ ನಾವು, ಅರ್ಧ ಗಂಟೆ ಯೋಚಿಸಿ, ಜೊತೆಗೆ ಕುಳಿತು ಓಡಿಸಿ ನೋಡಿ, ಥ್ರಾಟಲನ್ನು ಒರೆಸಿಕೊಟ್ಟವನು ಐನೂರು ಕೇಳಿದರೆ "ಬರೀ ಒರೆಸಿದ್ದಕ್ಕೆ ಇಷ್ಟೇ?" ಎಂದು ಚೌಕಾಸಿಗಿಳಿಯುತ್ತೇವೆ. ನನ್ನ ತರಗತಿಯಲ್ಲಿ ಕುಳಿತಿದ್ದ ಕೆಲವರು ಇಂದು ಸ್ವಂತ ಗ್ಯಾರೇಜು ನಡೆಸುತ್ತಿದ್ದಾರೆ, ಹಲವರು ಕಾರು ಇಟ್ಟಿದ್ದಾರೆ. ಮೊದಲನೆಯವರು ಬಿಲ್ಲಿನಲ್ಲಿ "ಪರೀಕ್ಷೆಯ ಶುಲ್ಕ" ಎಂದು ಸಂಕೋಚವಿಲ್ಲದೆ ಬರೆಯಲಿ. ಎರಡನೆಯವರು ಚೌಕಾಸಿಯಿಲ್ಲದೆ ಕೊಡಲಿ.