ನಗಸೋ ಅಪ್ಪಾ, ಬೈಯೋ ಅವ್ವ

ಅಪ್ಪ ಆದವರು ಮಕ್ಕಳ ಜೋಡಿ ಭಾಳ ಹುಡಗಾಟ ಆಡಬಾರದು, ಮುಂದ ಅಂಜಿಕಿ ಇರಂಗಿಲ್ಲ ಅಂತ ನಮ್ಮ ಹಿರೇರು ಹೇಳ್ತಾರ. ಅಂಜಿಕಿ ಇರದಿದ್ರ ಇರವಲ್ದ್ಯಾಕ! ನನ್ನ ತಕರಾರ ಬ್ಯಾರೇನ ಅದ, ಆಮ್ಯಾಲೆ ಹೇಳ್ತೀನಿ.

ನಾವು ಸಣ್ಣವರಿದ್ದಾಗ ಧಾರವಾಡದಾಗ ನಮ್ಮ ಓಣ್ಯಾಗಿನ ಅಪ್ಪಂದಿರು ಸೈಕಲ್ ಸ್ಟ್ಯಾಂಡ್ ಹಾಕಿದ ಸಪ್ಪಳಕ್ಕ ಮನಿ ಮನೀನ ಗಪ್ ಆಗ್ತಿತ್ತು. ನಮ್ಮನ್ಯಾಗ ಉಲ್ಟಾ. ಗಂಟಿ ಕೇಳಿದ್ರ ನಾವು ಮೂರೂ ಮಂದಿ ಬಾಗಲಕ್ಕ ಓಡೂದು. ಅಪ್ಪಾ ಹೊರಗ ನಿಂತು, "ಯಾರದರೀ ಈ ಮನಿ? ಮೂರು ಮಂಗ್ಯಾ ಮಾರೂದದಾವಂತ?" ಅಂತ ಕೇಳೋರು. ಆಮ್ಯಾಲೆ ರೇಟಿನ ಜಗಳ. ತಂಗಿ ನಾಕಾಣೆಕ್ಕಿಂತ ಮ್ಯಾಲೆ ಎಂದೂ ಹೋಗಲಿಲ್ಲ, ಆಕಿಗೆ ಆ ಸಿಟ್ಟು ಇನ್ನೂ ಇಳದಿಲ್ಲ.

ಒಂದ ವರ್ಷ ಭೋಗಿ ದಿನ ಹೆಣ್ಣಮಕ್ಕಳು ಕೂತು ಒಡಪು ಹಾಕಿ ಗಂಡನ ಹೆಸರ ಹೇಳ್ತಿದ್ರು. ಮದವಿ ಹೊಸದಾಗ ಗಂಡಸರೂ ಒಂದೊಂದು ಹೇಳ್ತಾರ ಖರೆ, ಮೂರು ಮಕ್ಕಳಾದ ಮ್ಯಾಲೆ ಯಾರ ಹೇಳ್ತಾರ? ನಮ್ಮ ಅಪ್ಪಾ ನಡುವ ಬಂದು ನಿಂತು, "ಸಜ್ಜಿ ರೊಟ್ಟಿ ಮ್ಯಾಲೆ ಹಚ್ಚ್ಯಾರ ಎಳ್ಳು, ಇಕಿ ಹೆಸರ ಹೇಳೂಮುಂದ ನಡಗ್ತಾವ ನನ್ನ ಹಲ್ಲು" ಅಂದ್ರು. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಅವ್ವ ನಗಲಿಲ್ಲ. ಹಂಚಿನ ಮ್ಯಾಲೆ ರೊಟ್ಟಿ ಹೊತ್ತತಿತ್ತು.

ಅಪ್ಪಾನ ಚಾಷ್ಟಿ ಎಲ್ಲಾ ಛಲೋ ಇದ್ವು ಅಂತನೂ ಅಲ್ಲ. ಒಮ್ಮೆ ಧ್ವನಿ ಬದಲಿಸಿ "ತಾರ ಬಂದದ" ಅಂತ ಒದರಿದ್ರು. 2013ರ ಜುಲೈದಾಗ ತಾರ ಬಂದ್ ಆತು, ಈಗಿನ ಹುಡುಗರಿಗೆ ತಿಳಿಯಂಗಿಲ್ಲ. ಆಗ ತಾರ ಅಂದ್ರ ಮೊದಲ ಸಾವಿನ ಸುದ್ದೀನ ನೆನಪಾಗೂದು. ಆಯಿ ಅಲ್ಲೇ ಕುಸದು ಕೂತಳು. ಅಪ್ಪಾ ಓಡಿ ಬಂದು ಆಕಿ ಕಾಲ ಹಿಡಕೊಂಡ್ರು. ಎರಡು ದಿನ ನಮ್ಮನ್ಯಾಗ ನಗಿ ಇರಲಿಲ್ಲ.

ಆದ್ರೂ ಅಂಜಿಕಿ ಇಲ್ಲದ್ದರ ಲಾಭ ಏನಂತ ಅಕ್ಕನ್ನ ಕೇಳ್ರಿ. ಆಕಿಗೆ ವರಾ ಗೊತ್ತಾದಾಗ "ನಾ ಒಲ್ಲೆ" ಅಂತ ಹೇಳಿದ್ದು ಅಪ್ಪಾನ ಮುಂದ. "ಯಾಕವಾ, ಹುಡುಗನ ಮೀಸಿ ಸೇರಲಿಲ್ಲೇನ?" ಅಂದ್ರು ಅಪ್ಪಾ. ಆಕಿ ನಕ್ಕಳು, ನಕ್ಕೋತ ನಕ್ಕೋತ ಅತ್ತಳು, ಮುಂದ ಓದಬೇಕಂತ ಖರೇ ಮಾತು ಹೊರಗ ಬಂತು. ಮರುದಿನ ಅಪ್ಪಾ ತಾವ ಹೋಗಿ ಬ್ಯಾಡಂತ ಹೇಳಿ ಬಂದ್ರು. ಅದ ಓಣ್ಯಾಗ ಆ ಮಾತು ಬಾಯಾಗ ಇಟ್ಟಕೊಂಡ ಲಗ್ನ ಆಗಿ ಹೋದ ಹುಡುಗ್ಯಾರು ಎಷ್ಟು ಮಂದಿ ಇದ್ರು, ನಿಮಗೂ ಗೊತ್ತದ.

ಈಗ ನನ್ನ ತಕರಾರ. ನಗಸೂದು ಅಪ್ಪಾನ ಪಾಲಿಗೆ ಹೋತು, ಬೈಯೂದು ಪೂರ್ತಾ ಅವ್ವನ ಪಾಲಿಗೆ ಬಂತು. ಮಗ್ಗಿ, ಎಣ್ಣಿ ನೀರು, ಹಾಗಲಕಾಯಿ ಪಲ್ಯಾ, ಎಲ್ಲಾ ಆಕೀದ. ಒಂಬತ್ತಕ್ಕ ಮಲಗ್ರಿ ಅನ್ನಾಕಿ ಅವ್ವ, ದೆವ್ವದ ಕಥಿ ಹೇಳಿ ಹತ್ತೂವರಿ ತನಕ ಎಬ್ಬಿಸಿ ಇಡೋರು ಅಪ್ಪಾ. ಮುಂಜಾನೆ ನಾವು ಏಳಲಿಲ್ಲಂದ್ರ ಮತ್ತ ಅವ್ವನ ಒದರಬೇಕು. ಅಪ್ಪಾ ಹೋಗಿ ಭಾಳ ವರ್ಷ ಆತು. ಈಗೂ ನಾವು ಕೂಡಿದಾಗ ಅವರ ಚಾಷ್ಟಿ ತಗದು ನಗ್ತೀವಿ. ಅವ್ವ ಒಳಗ ಚಹಾ ಸೋಸ್ಕೋತ, "ಈ ಮನ್ಯಾಗ ನಾ ಒಬ್ಬಾಕೀನ ಕೆಟ್ಟಾಕಿ" ಅಂತಾಳ. ಸೋದರಮಾವ ಹೇಳೂ ಪ್ರಕಾರ, ತವರಮನ್ಯಾಗ ಇದ್ದಾಗ ಅಕೀನ ಎಲ್ಲಾರನೂ ಅಣಕಿಸಿ ತೋರಿಸಿ ಮನಿ ತುಂಬ ನಗಸ್ತಿದ್ಲಂತ. ನಾವು ಮಕ್ಕಳು ಅದನ್ನ ಒಮ್ಮೆನೂ ನೋಡಲಿಲ್ಲ.

ಅದಕ್ಕ ವೈನಿಗೋಳ, ತಂಗಿಗೋಳ, ನಿಮ್ಮ ಮನಿಯವರ ಹುಡಗಾಟ ಬಿಡಸಬ್ಯಾಡ್ರಿ. ವಾರದಾಗ ಮೂರು ದಿನ ಮಗ್ಗಿ ಒಪ್ಪಿಸಿಕೊಳ್ಳೂದು, ಹಾಲು ಕುಡಸೂದು, ಮುಂಜಾನೆ ಎಬ್ಬಸೂದು ಅವರಿಗೆ ಹಚ್ರಿ. ಆ ಮೂರು ರಾತ್ರಿ ದೆವ್ವದ ಕಥಿ ನೀವ ಹೇಳ್ರಿ.