ಊಟದ ವೇಳೆಯೂ ವಹಿವಾಟಿನ ಭಾಗ

ಮುಂಗಾರಿನ ಹೆಸರುಕಾಳು ರಾಶಿಯಾಗಿ ಮಾರುಕಟ್ಟೆಗೆ ಬರುವುದು ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ. ರೋಣ ತಾಲೂಕಿನ ಯಾವಗಲ್ ಹಾಗೂ ಸುತ್ತಲಿನ ಎರೆಭೂಮಿಯ ಗ್ರಾಮಗಳ ವರ್ತಕರಿಗೂ ಹಮಾಲರಿಗೂ ವಾಹನ ಚಾಲಕರಿಗೂ ಅದು ಬಿಡುವಿಲ್ಲದ ಕಾಲ. ನಸುಕಿನಲ್ಲಿ ಮಾಲು ಹೇರಿಕೊಂಡು ಹೊರಟವರು ಟೆಂಡರು, ತೂಕ, ಪಟ್ಟಿ ಎಲ್ಲವನ್ನೂ ಮುಗಿಸಿ ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಶ್ರಾವಣದ ಉಪವಾಸಗಳೂ ಬಹುಮಟ್ಟಿಗೆ ಇದೇ ವೇಳೆಗೆ ಕೂಡಿಬರುತ್ತವೆ. ಹಸಿವು ಮರೆತು ದುಡಿಯುವುದನ್ನು ಕಾಯಕನಿಷ್ಠೆಯೆಂದು ಹೊಗಳುವುದು ವ್ಯಾಪಾರಿ ವಲಯದ ಹಳೆಯ ರೂಢಿ. ಮಧುಮೇಹಕ್ಕೆ ಔಷಧ ಸೇವಿಸುವವರ ಮಟ್ಟಿಗೆ ಈ ರೂಢಿ ಅಪಾಯಕಾರಿಯಾಗಿದ್ದು, ಅದನ್ನು ತಿದ್ದುವ ಹೊಣೆ ಮಾಲೀಕರದೇ ಆಗಿದೆ.

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಏರುವುದೆಂದು ಎಲ್ಲರೂ ಬಲ್ಲರು. ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಅದು ಮಿತಿಮೀರಿ ಇಳಿಯಲೂಬಹುದೆಂಬ ಅರಿವು ಮಾತ್ರ ಕಡಿಮೆ. ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳು ಹೊಟ್ಟೆಗೆ ಆಹಾರ ಬಿದ್ದಿರಲಿ, ಬಿಡಲಿ, ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಮಾತ್ರೆ ನುಂಗಿ ಊಟ ಬಿಟ್ಟವನು ಮೂಟೆ ಹೊರುವ ಕೆಲಸಕ್ಕೂ ನಿಂತರೆ ಇಳಿತ ಇನ್ನಷ್ಟು ತೀವ್ರವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆಯನ್ನು ಸುಮಾರು 10.1 ಕೋಟಿಯೆಂದು ಅಂದಾಜಿಸಿದೆ. ಆದುದರಿಂದ ಇದು ಯಾವ ಅಂಗಡಿಗೂ ದೂರದ ಮಾತಲ್ಲ.

ಈ ಇಳಿತದ ಮೊದಲ ಪೆಟ್ಟು ಬೀಳುವುದು ಮಿದುಳಿಗೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟಾದರೆ, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ. 20. ಅದರ ಮುಖ್ಯ ಇಂಧನ ಗ್ಲೂಕೋಸ್. ಮಿದುಳಿಗೆ ಸ್ವಂತ ಉಗ್ರಾಣವೆಂಬುದು ಇಲ್ಲದ ಕಾರಣ, ಅಂದಂದಿನ ಸರಕನ್ನು ರಕ್ತವೇ ಕ್ಷಣಕ್ಷಣಕ್ಕೂ ಪೂರೈಸಬೇಕು. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕು. 54ಕ್ಕಿಂತ ಕೆಳಗಿಳಿದರೆ ಸ್ಥಿತಿ ಗಂಭೀರ. ಆರಂಭದಲ್ಲಿ ನರಮಂಡಲವು ಅಡ್ರಿನಲಿನ್ ಬಿಡುಗಡೆ ಮಾಡಿಸಿ ಎಚ್ಚರಿಕೆ ನೀಡುತ್ತದೆ. ಕೈನಡುಕ, ತಣ್ಣನೆಯ ಬೆವರು, ಎದೆಬಡಿತ, ವಿಪರೀತ ಹಸಿವು ಅದರ ಕುರುಹುಗಳು. ಅದನ್ನು ಕಡೆಗಣಿಸಿದರೆ ಮಿದುಳೇ ಸೊರಗುತ್ತದೆ. ಮಾತು ತೊದಲುತ್ತದೆ, ದೃಷ್ಟಿ ಮಂಜಾಗುತ್ತದೆ, ಲೆಕ್ಕ ತಪ್ಪುತ್ತದೆ, ಅಕಾರಣ ಸಿಟ್ಟು ಬರುತ್ತದೆ. ಕೊನೆಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಲೂಬಹುದು. ಬಹುಕಾಲದಿಂದ ರೋಗವುಳ್ಳವರಲ್ಲಿ, ಪದೇಪದೇ ಸಕ್ಕರೆ ಇಳಿಯುವವರಲ್ಲಿ ಮೊದಲ ಎಚ್ಚರಿಕೆಯೇ ಮಂಕಾಗಿ, ನೇರವಾಗಿ ಗೊಂದಲದ ಸ್ಥಿತಿ ತಲೆದೋರುವುದುಂಟು.

ಅನ್ಯಾಯ ನಡೆಯುವುದು ಇಲ್ಲಿಯೇ. ತೊದಲುವ ಹಮಾಲನನ್ನು ಕುಡಿದವನೆಂದು, ಪಟ್ಟಿ ತಪ್ಪಿದ ಗುಮಾಸ್ತನನ್ನು ಬೇಜವಾಬ್ದಾರನೆಂದು ತೀರ್ಮಾನಿಸಿ ಬೈದು ಕಳುಹಿಸುವುದು ಸುಲಭ. ಹಾಗೆ ಒಂಟಿಯಾಗಿ ಹೊರಬಿದ್ದವನು ದಾರಿಯಲ್ಲಿ ಕುಸಿದರೆ ಕೇಳುವವರಿರುವುದಿಲ್ಲ. ಇನ್ನು ಎಣ್ಣೆ ಗಾಣ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಶೆಡ್‌ಗಳಲ್ಲಿ ಕ್ಷಣಕಾಲದ ಮಂಕುತನವೂ ಕೈಬೆರಳನ್ನೇ ಬಲಿ ತೆಗೆದುಕೊಳ್ಳಬಹುದು. ಲಾರಿ ಚಾಲಕನಿಗೆ ಸಕ್ಕರೆ ಇಳಿದರೆ ಅಪಾಯ ಅವನೊಬ್ಬನದೇ ಆಗಿ ಉಳಿಯುವುದಿಲ್ಲ.

ಪರಿಹಾರಕ್ಕೆ ತಗಲುವ ವೆಚ್ಚ ಅತ್ಯಲ್ಪ. ಎಚ್ಚರವಿದ್ದು ನುಂಗಬಲ್ಲವನಿಗೆ ಮೂರು-ನಾಲ್ಕು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಅಂದರೆ ಸುಮಾರು 15 ಗ್ರಾಂ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಟ್ಟು, ಬಳಿಕ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಸಕ್ಕರೆಯ ಮಟ್ಟ ಸರಿಹೋದ ಮೇಲೂ ಮಿದುಳು ಪೂರ್ತಿ ಚೇತರಿಸಲು ಮುಕ್ಕಾಲು ಗಂಟೆ ಹಿಡಿಯಬಹುದಾದ್ದರಿಂದ, ಅಲ್ಲಿಯವರೆಗೆ ಯಂತ್ರವನ್ನಾಗಲಿ ವಾಹನವನ್ನಾಗಲಿ ಮುಟ್ಟಗೊಡಬಾರದು.

ಟೆಂಡರಿನ ವೇಳೆ ಯಾರ ಹಸಿವಿಗೂ ಕಾಯುವುದಿಲ್ಲವೆಂಬ ಆಕ್ಷೇಪಣೆ ಸಹಜ. ಆದರೆ ಇಬ್ಬರಿರುವಲ್ಲಿ ಸರದಿಯ ಮೇಲೆ ಉಣ್ಣುವುದು ಅಸಾಧ್ಯವೇನಲ್ಲ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸದೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳೂ ಈ ನೀತಿಯನ್ನು ಸ್ವಇಚ್ಛೆಯಿಂದ ಪಾಲಿಸುವುದು ವಿವೇಕ. ಉಪವಾಸ ಹಿಡಿಯುವವರು ಮುಂಚಿತವಾಗಿ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ವಿಚಾರಿಸಿಕೊಳ್ಳಬೇಕು. ತಾವಾಗಿಯೇ ಮಾತ್ರೆ ಬಿಡುವುದೂ ಸಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದುದು ಭಯ ನಿವಾರಣೆ. ಕೆಲಸ ಹೋದೀತೆಂಬ ಅಂಜಿಕೆಯಿಂದ ಅನೇಕ ಕೆಲಸಗಾರರು ರೋಗವನ್ನು ಮುಚ್ಚಿಡುತ್ತಾರೆ. ಹೇಳಿಕೊಂಡವನ ಕೂಲಿಗೆ ಕತ್ತರಿ ಬೀಳದೆಂಬ ಭರವಸೆಯನ್ನು ಮಾಲೀಕರೇ ಬಾಯಿಬಿಟ್ಟು ನೀಡಬೇಕು. ಸ್ವತಃ ಮಧುಮೇಹಿಗಳಾದ ಮಾಲೀಕರು ಮೊದಲು ತಾವೇ ಹೇಳಿಕೊಂಡು, ವೇಳೆಗೆ ಸರಿಯಾಗಿ ಉಣ್ಣತೊಡಗಿದರೆ ಉಳಿದವರಿಗೆ ಧೈರ್ಯ ಬಂದೀತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಡಬ್ಬಿ ಸಕ್ಕರೆ, ಗೋಡೆಯ ಮೇಲೆ ಊಟದ ವೇಳಾಪಟ್ಟಿ: ಬರುವ ಹಂಗಾಮಿನ ಮೊದಲ ಮೂಟೆ ಇಳಿಯುವ ಮುನ್ನ ಇವೆರಡೂ ಪ್ರತಿ ಅಂಗಡಿಯಲ್ಲಿ ಸಿದ್ಧವಾಗಿರಲಿ.